ಬಸಿರಿ ಹೊಲಕ್ಕೆ ಬಯಕೆಯ ಬುತ್ತಿ: ಮುದಗಲ್ ಸೀಮೆಯ ಶೀಗಿ ಹುಣ್ಣಿಮೆ

ಹೆಸರಿಗೆ ಅದು ಹುಣ್ಣಿಮೆಯ ಹಬ್ಬ. ಆದರೆ ಪೂಜೆ ನಡೆಯುವುದು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ. ಎಡೆ ಹಿಡಿಯುವುದು ಚಂದ್ರನಿಗಲ್ಲ, ನೆಲಕ್ಕೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಸುತ್ತಿನ ಹಳ್ಳಿಗಳಲ್ಲಿ ಆಶ್ವಯುಜ ಮಾಸದ ಹುಣ್ಣಿಮೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರಿಗೆ ಚಂದ್ರ ಕಾಣುವುದು ಮನೆಗೆ ಮರಳುವ ದಾರಿಯಲ್ಲಿ, ಸೂರ್ಯ ಮುಳುಗುವ ಹೊತ್ತಿಗೆ. ಆ ಹೊತ್ತಿಗೆ ಹಬ್ಬ ಮುಗಿದೇ ಹೋಗಿರುತ್ತದೆ. ಚಂದ್ರ ಇಲ್ಲಿ ದೇವರಲ್ಲ, ಪಂಚಾಂಗ. ಓದು ಬಾರದವರೂ ತಲೆಯೆತ್ತಿ ನೋಡಿದರೆ ದಿನ ತಿಳಿಯುವಂಥ ಪಂಚಾಂಗ.

ಇದನ್ನು ಸುಗ್ಗಿಯ ಹುಣ್ಣಿಮೆ ಎಂದು ಕರೆಯುವವರುಂಟು. ಯುರೋಪಿನ ಕಡೆ ಸೆಪ್ಟೆಂಬರ್ 22-23ರ ಸಮರಾತ್ರಿಗೆ ಹತ್ತಿರದ ಹುಣ್ಣಿಮೆಗೆ ಅಂಥದೇ ಹೆಸರಿದೆ. ಆ ದಿನಗಳಲ್ಲಿ ಅಲ್ಲಿ ಚಂದ್ರ ಒಂದು ಸಂಜೆಯಿಂದ ಮರುಸಂಜೆಗೆ ಅರ್ಧ ಗಂಟೆಯೊಳಗಿನ ಅಂತರದಲ್ಲೇ ಮೂಡುವುದರಿಂದ ಕೊಯ್ಲಿನವರಿಗೆ ಹೊತ್ತು ಮುಳುಗಿದ ಮೇಲೂ ಬೆಳಕು ಸಿಗುತ್ತಿತ್ತು. 16 ಡಿಗ್ರಿ ಅಕ್ಷಾಂಶದ ಮುದಗಲ್ಲಿನಲ್ಲಿ ಈ ವಿಶೇಷ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಚೀನಾದವರು ತಮ್ಮ ಎಂಟನೆಯ ಚಾಂದ್ರಮಾಸದ ಹುಣ್ಣಿಮೆಗೆ ಚಂದ್ರನಂತೆ ದುಂಡಗಿನ ಸಿಹಿ ಕಣಕದ ಬಿಲ್ಲೆಗಳನ್ನು ಹಂಚುತ್ತಾರೆ. ಕೊರಿಯಾದವರು ಅದೇ ದಿನ ಅಕ್ಕಿಹಿಟ್ಟಿನೊಳಗೆ ಎಳ್ಳು ತುಂಬಿ, ಅರ್ಧಚಂದ್ರದಂತೆ ಮಡಿಸಿ, ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಕಡೆಯ ಯಾವ ಅಜ್ಜಿಗೆ ತೋರಿಸಿದರೂ ಅದನ್ನು ಕಡುಬು ಎಂದೇ ಹೇಳಿಯಾಳು. ಅಧಿಕ ಮಾಸಗಳ ಲೆಕ್ಕದಿಂದಾಗಿ ಈ ಹಬ್ಬಗಳು ಎಲ್ಲ ವರ್ಷವೂ ಒಟ್ಟಿಗೆ ಬರುವುದಿಲ್ಲ. 2025ರ ಅಕ್ಟೋಬರ್ 6-7ರಂದು ಮಾತ್ರ ಯುರೋಪಿನವರ ಸುಗ್ಗಿ ಚಂದ್ರ, ಚೀನಾದವರ ಹಬ್ಬ, ನಮ್ಮ ಶೀಗಿ ಹುಣ್ಣಿಮೆ ಮೂರೂ ಒಂದೇ ಚಂದ್ರನ ಕೆಳಗೆ ಕೂಡಿದ್ದವು.

ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಅವರದು ಕಾಳು ಮನೆಗೆ ಬಂದ ಸಂತೋಷ. ಶೀಗಿ ಹುಣ್ಣಿಮೆ ಕಾಳು ಇನ್ನೂ ಹೊಲದಲ್ಲಿರುವಾಗಿನ ಆತಂಕ.

ಈ ಮಾತು ತಿಳಿಯಬೇಕಾದರೆ ಮುದಗಲ್ಲಿನ ನೆಲವನ್ನು ನೋಡಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಸೀಮೆಗೆ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಇದು ಮಳೆಯನ್ನು ನೆಚ್ಚಿದ ನಾಡು. ಮಸಾರಿ ನೆಲದಲ್ಲಿ ಮುಂಗಾರಿಗೆ ಸಜ್ಜೆ, ತೊಗರಿ, ಹೆಸರು, ಶೇಂಗಾ. ಎರೆ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಎರೆ ಮಣ್ಣಿನ ಗುಣವೇ ಬೇರೆ. ಉತ್ತರಿ, ಹಸ್ತ ಮಳೆಗಳ ನೀರನ್ನು ಕುಡಿದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಆಮೇಲೆ ಒಂದು ಹನಿ ಬೀಳದಿದ್ದರೂ ಆ ಹಸಿಯ ಮೇಲೆಯೇ ಜೋಳ ಬೆಳೆದು, ಚಳಿಯ ಇಬ್ಬನಿಯಲ್ಲಿ ತೆನೆ ಕಟ್ಟಿ, ಮಾಘದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಹೀಗಾಗಿ ಶೀಗಿ ಹುಣ್ಣಿಮೆಯ ದಿನ ಈ ಸೀಮೆಯಲ್ಲಿ ಮೂರು ಸ್ಥಿತಿಗಳು ಒಟ್ಟಿಗೆ ಕಾಣುತ್ತವೆ: ಸಜ್ಜೆ ಕೈಗೆ ಬಂದಿರುತ್ತದೆ ಇಲ್ಲವೇ ಬರುವುದರಲ್ಲಿರುತ್ತದೆ, ತೊಗರಿ ಹೂ ಮೊಗ್ಗಿನಲ್ಲಿರುತ್ತದೆ, ಜೋಳ ಈಗಷ್ಟೇ ಮೊಳೆತಿರುತ್ತದೆ ಅಥವಾ ಕೂರಿಗೆ ಇನ್ನೂ ಹೊಲದಲ್ಲೇ ಇರುತ್ತದೆ.

ಉತ್ತರ ಕರ್ನಾಟಕದ ಹಳ್ಳಿಗರು ವರ್ಷದ ಹನ್ನೆರಡು ಹುಣ್ಣಿಮೆಗಳಿಗೂ ಹೆಸರಿಟ್ಟಿದ್ದಾರೆ. ಚೈತ್ರದ್ದು ದವನದ ಹುಣ್ಣಿಮೆ, ವೈಶಾಖದ್ದು ಆಗಿ ಹುಣ್ಣಿಮೆ, ಜ್ಯೇಷ್ಠದ್ದು ಎತ್ತುಗಳ ಕಾರ ಹುಣ್ಣಿಮೆ, ಆಷಾಢದ್ದು ಕಡ್ಲಿಗಡಬಿನ ಹುಣ್ಣಿಮೆ, ಶ್ರಾವಣದ್ದು ನೂಲ ಹುಣ್ಣಿಮೆ, ಭಾದ್ರಪದದ್ದು ಜೋಕುಮಾರನ ಹುಣ್ಣಿಮೆ, ಆಶ್ವಯುಜದ್ದು ಶೀಗಿ, ಕಾರ್ತಿಕದ್ದು ಗೌರಿ. ಆಮೇಲೆ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ. ಈ ಸರಣಿಯನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡರೆ ಬಿತ್ತನೆಯಿಂದ ರಾಶಿಯವರೆಗಿನ ವರ್ಷ ಕಣ್ಣ ಮುಂದೆ ಹಾದುಹೋಗುತ್ತದೆ. ಮಳೆ ಬೇಡುವ ಜೋಕುಮಾರ ಸತ್ತ ಮೇಲೆ ಬರುವುದು ಶೀಗಿ. ಬಿತ್ತುವವನ ಕೆಲಸ ಮುಗಿದು, ಹೊರುವವಳ ಕೆಲಸ ಶುರುವಾದ ಕಾಲ.

ಹೊರುವವಳೆಂದರೆ ಭೂಮಿ. ಬೆಳೆ ನಿಂತ ಹೊಲ ಬಸಿರಿ ಎಂಬುದೇ ಈ ಹಬ್ಬದ ಮೂಲ ಕಲ್ಪನೆ. ಬಸಿರಾದ ಮಗಳಿಗೆ ತವರಿನವರು ಬುತ್ತಿ ಹೊತ್ತು ತರುತ್ತಾರೆ, ಉಡಿ ತುಂಬುತ್ತಾರೆ, ಹುಳಿ ಬೇಕೆ, ಸಿಹಿ ಬೇಕೆ, ಖಾರ ಬೇಕೆ ಎಂದು ಕೇಳಿ ಬಯಕೆ ತೀರಿಸುತ್ತಾರೆ. ಹೊಲಕ್ಕೂ ಅದೇ ಉಪಚಾರ. ಬುತ್ತಿಯಲ್ಲಿ ಒಂದೇ ಬಗೆಯ ಪಕ್ವಾನ್ನ ಇರದೆ ಹುಳಿ, ಖಾರ, ಸಿಹಿ, ಕಹಿ ಎಲ್ಲ ಇರುವುದಕ್ಕೆ ಇದೇ ಕಾರಣ. ಬಸಿರಿಯ ನಾಲಿಗೆ ಯಾವುದನ್ನು ಕೇಳೀತೋ ಯಾರಿಗೆ ಗೊತ್ತು!

ಇದರಲ್ಲಿ ಇನ್ನೊಂದು ಮಾತಿದೆ. ಹೊರಗಿನಿಂದ ನೋಡುವವರು ಅದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆಶ್ವಯುಜ ಮಾಸವೆಂದರೆ ಒಣಬೇಸಾಯದ ಮನೆಯಲ್ಲಿ ಕಾಳಿನ ಗಡಿಗೆಗಳು ತಳ ಕಂಡ ಕಾಲ. ಹಿಂದಿನ ಮಾಘದಲ್ಲಿ ಹಗೇವಿಗೆ ಇಳಿಸಿದ ಜೋಳ ಕೊನೆಯ ಚೀಲಕ್ಕೆ ಬಂದಿರುತ್ತದೆ. ಬೀಜ, ಗೊಬ್ಬರಕ್ಕೆ ತಂದ ಸಾಲ ಹಾಗೇ ಇರುತ್ತದೆ. ತುಂಬಿದ ಮನೆಯವರು ಉಣ್ಣಿಸುವುದು ದೊಡ್ಡ ಮಾತಲ್ಲ. ಶೀಗಿ ಹುಣ್ಣಿಮೆಯಲ್ಲಿ ಇದ್ದುದರಲ್ಲಿ ಕಡಿಮೆ ಇರುವಾಗಲೇ ಹೆಡಿಗೆಗಟ್ಟಲೆ ಅಡುಗೆ ಮಾಡಿ, ಅದರಲ್ಲಿ ಒಂದು ಪಾಲನ್ನು ಮಣ್ಣಿಗೆ ಚೆಲ್ಲುತ್ತಾರೆ. ಆ ಹೊತ್ತಿಗೆ ಕೈಹಿಡಿಯುವುದು ಹೊಸ ಸಜ್ಜೆ. ಹಬ್ಬದ ಬುತ್ತಿಯಲ್ಲಿ ಸಜ್ಜಿ ರೊಟ್ಟಿಗೆ ಅಗ್ರಸ್ಥಾನ ಸಿಕ್ಕಿದ್ದು ರುಚಿಗಾಗಿ ಮಾತ್ರವಲ್ಲ, ವರ್ಷದಲ್ಲಿ ಮೊದಲು ಮನೆಗೆ ಬರುವ ಕಾಳು ಅದೇ.

ಸಜ್ಜಿ ರೊಟ್ಟಿ ಬಡಿಯುವುದು ಹಬ್ಬಕ್ಕೆ ನಾಲ್ಕಾರು ದಿನ ಮೊದಲೇ ಶುರುವಾಗುತ್ತದೆ. ಹಿಟ್ಟಿಗೆ ಕುದಿನೀರು ಬಿಟ್ಟು ನಾದಿ, ಕೈಯಲ್ಲಿ ತಟ್ಟುತ್ತ ತಟ್ಟುತ್ತ ಹಾಳೆಯಷ್ಟು ತೆಳ್ಳಗೆ ಮಾಡಿ, ಮೇಲೆ ಎಳ್ಳು ಒತ್ತಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಬದಿಗೆ ನಿಲ್ಲಿಸಿ ಕಟಕಟ ಎನ್ನುವವರೆಗೆ ಆರಿಸಬೇಕು. ತೇವ ಪೂರ್ತಿ ಹೋದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಸಜ್ಜೆಯ ಹಿಟ್ಟು ಮಾತ್ರ ಜೋಳದ ಹಿಟ್ಟಿನಂತಲ್ಲ; ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ಬೀಸಿಟ್ಟರೆ ಬೇಗ ಕಹಿಯಾಗುತ್ತದೆ. ಆದ್ದರಿಂದ ಬೀಸಿದ ಹಿಟ್ಟನ್ನು ಇಟ್ಟುಕೊಳ್ಳದೆ ರೊಟ್ಟಿ ಮಾಡಿ ಇಟ್ಟುಕೊಳ್ಳುವ ಜಾಣತನ ಹುಟ್ಟಿತು. ರೊಟ್ಟಿಯ ಜೊತೆಗೆ ಎಣ್ಣೆಗಾಯಿ ಬದನೆ, ನೆನೆಸಿ ಮೊಳಕೆ ಬರಿಸಿದ ಹೆಸರು ಅಥವಾ ಮಡಿಕೆ ಕಾಳಿನ ಪಲ್ಯ, ಹುಳಿ ಹುಳಿ ಪುಂಡಿಪಲ್ಯ, ಗುರೆಳ್ಳಿನ ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಕೆಂಪು ಖಾರ, ಸೌತೆ ಮತ್ತು ಉಳ್ಳಾಗಡ್ಡಿ ತಪ್ಪಲಿನ ಪಚಡಿ, ಗಟ್ಟಿ ಮೊಸರು. ಸಿಹಿಗೆ ಹೂರಣದ ಹೋಳಿಗೆ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಬೆಲ್ಲ ಹಾಕಿದ ಕುಂಬಳದ ಕಡುಬು, ಸಜ್ಜಿ ಕಡುಬು. ಅನ್ನದ ಬಗೆಯಲ್ಲಿ ಚಿತ್ರಾನ್ನ, ಮೊಸರನ್ನ. ಹಳೆಯ ಮನೆಗಳಲ್ಲಿ ಜೋಳದ ಬಾನ. ಎಲ್ಲರ ಮನೆಯಲ್ಲೂ ಇವೆಲ್ಲವೂ ಆಗುತ್ತವೆ ಎಂದಲ್ಲ. ಒಂದು ಕಡುಬು, ಒಂದು ಪಲ್ಯ, ಒಂದು ಹಿಂಡಿಯಲ್ಲೇ ಹಬ್ಬ ಮುಗಿಸುವ ಮನೆಗಳೂ ಇವೆ. ಭೂಮಿ ಲೆಕ್ಕ ಇಡುವುದಿಲ್ಲ.

‘ಸಾಂಪ್ರದಾಯಿಕ ಅಡುಗೆ’ ಎಂಬ ಮಾತನ್ನು ಆಡುವಾಗ ಸ್ವಲ್ಪ ಎಚ್ಚರ ಬೇಕು. ಈ ಹೆಡಿಗೆಯಲ್ಲಿ ಇರುವವರಲ್ಲಿ ಅರ್ಧದಷ್ಟು ಜನ ಎಲ್ಲಿಂದಲೋ ಬಂದ ನೆಂಟರು. ಸಜ್ಜೆ, ಜೋಳ, ಪುಂಡಿ ಮೂರೂ ಆಫ್ರಿಕಾ ಮೂಲದವು. ಸಾವಿರಾರು ವರ್ಷಗಳ ಹಿಂದೆಯೇ ಬಂದು ಇಲ್ಲಿಯವೇ ಆದವು. ಮೆಣಸಿನಕಾಯಿ ಮತ್ತು ಶೇಂಗಾ ಅಮೆರಿಕಾ ಖಂಡದವು. ಪೋರ್ಚುಗೀಸರ ಹಡಗುಗಳು ಬಂದ ಮೇಲಷ್ಟೇ ಈ ದೇಶ ಕಂಡವು. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನೂ ಮುದಗಲ್ಲನ್ನೂ ಗೆದ್ದಾಗ ಈ ಸೀಮೆಯ ರೈತ ಹೊಲಕ್ಕೆ ಒಯ್ದ ಬುತ್ತಿಯಲ್ಲಿ ಶೇಂಗಾ ಹಿಂಡಿಯಾಗಲಿ ಕೆಂಪು ಖಾರವಾಗಲಿ ಇರಲು ಸಾಧ್ಯವಿರಲಿಲ್ಲ. ಎಳ್ಳು, ಹೆಸರು, ಹುರುಳಿ, ತೊಗರಿ ಮಾತ್ರ ಈ ನೆಲದ ಹಳಬರು. ಮುದಗಲ್ಲಿಗೆ ಸಮೀಪದ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್.ಆರ್. ಆಲ್ಚಿನ್ ಉತ್ಖನನ ಮಾಡಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಬೆಳಕಿಗೆ ತಂದರು. ಅಲ್ಲಿಯ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ ಚಿತ್ರಗಳಿವೆ. ದಕ್ಷಿಣ ಭಾರತದ ಇಂಥ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹೆಸರು, ಹುರುಳಿ ಮುಖ್ಯವಾದವು. ಹಬ್ಬದ ಹೆಸರುಕಾಳಿನ ಪಲ್ಯಕ್ಕೆ ಅಷ್ಟು ಹಿಂದಿನ ನಂಟಿದೆ.

ಹೊಲದಲ್ಲಿ ನಡೆಯುವ ವಿಧಿ ಸರಳವಾದದ್ದು, ಪುರೋಹಿತರು ಬೇಕಿಲ್ಲ. ಬನ್ನಿಯೋ ಬೇವೋ, ಒಂದು ಮರದ ಬುಡದಲ್ಲಿ, ಮರವಿಲ್ಲದಿದ್ದರೆ ಬೆಳೆಯ ನಡುವೆಯೇ, ಐದು ಕಲ್ಲುಗಳನ್ನು ತೊಳೆದು, ಸುಣ್ಣ ಹಚ್ಚಿ, ಸಾಲಾಗಿ ಇಡುತ್ತಾರೆ. ಅವರು ಪಾಂಡವರು. ವನವಾಸದಲ್ಲಿ ಹಸಿದು ತಿರುಗಿದವರು ರೈತನ ಹೊಲದಲ್ಲಿ ಉಣ್ಣಲು ಕೂತಿದ್ದಾರೆ ಎಂಬ ಭಾವ. ಬನ್ನಿಯ ಮರಕ್ಕೂ ಅವರಿಗೂ ಇರುವ ನಂಟು ಐದು ದಿನ ಹಿಂದಷ್ಟೇ, ವಿಜಯದಶಮಿಯಂದು, ಊರೆಲ್ಲ ಬನ್ನಿ ಕೊಟ್ಟು ತೆಗೆದುಕೊಂಡಾಗ ನೆನಪಾಗಿರುತ್ತದೆ. ಇದೇ ಪಾಂಡವರು ಮುಂದೆ ಬಲಿಪಾಡ್ಯಮಿಯಂದು ಸೆಗಣಿಯ ರೂಪ ತಾಳಿ ಮನೆಯ ಹೊಸ್ತಿಲಿಗೆ ಬರುತ್ತಾರೆ. ಅರಿಶಿನ ಕುಂಕುಮ, ಹೂ, ಊದಿನಕಡ್ಡಿ, ಬೆಳೆಗೆ ಉಡಿ, ಎಡೆ, ಕಾಯಿ. ಆಮೇಲೆ ಚರಗ.

ಚರಗ ಚೆಲ್ಲುವುದೆಂದರೆ ತಂದ ಅಡುಗೆಯಲ್ಲಿ ಎಲ್ಲ ಬಗೆಯನ್ನೂ ಅಷ್ಟಷ್ಟು ತೆಗೆದು ಕಲಸಿ ಹೊಲದ ಸುತ್ತ ಚೆಲ್ಲುತ್ತ ಹೋಗುವುದು. ಒಬ್ಬ ಮುಂದೆ ಚೆಲ್ಲುತ್ತ ಕೂಗು ಹಾಕುತ್ತಾನೆ. ಹಿಂದಿನವನು ನೀರು ಚಿಮುಕಿಸುತ್ತ ಅದಕ್ಕೆ ಓಗೊಡುತ್ತಾನೆ. ಬದುವಿನಿಂದ ಬದುವಿಗೆ ಆ ಕೂಗು ಹರಿಯುತ್ತದೆ. ಪಕ್ಕದ ಹೊಲದವರ ಕೂಗೂ ಅದರೊಂದಿಗೆ ಸೇರುತ್ತದೆ. ಗಡಿ ಕಲ್ಲುಗಳ ಬಗ್ಗೆ ವರ್ಷವೆಲ್ಲ ಜಗಳಾಡುವವರು ಕೂಡ ಅಂದು ಅವರವರ ಬದುವಿನ ಮೇಲೆ ನಡೆದು, ಊಟದ ಹೊತ್ತಿಗೆ ಒಬ್ಬರನ್ನೊಬ್ಬರು ಕರೆಯುವುದು ರೂಢಿ.

ಚರಗಕ್ಕೆ ಈಚಿನ ದಶಕಗಳಲ್ಲಿ ವೈಜ್ಞಾನಿಕ ವ್ಯಾಖ್ಯಾನ ಕೊಡುವ ಚಾಳಿ ಬೆಳೆದಿದೆ. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬರುತ್ತವೆ, ಬಂದ ಹಕ್ಕಿಗಳು ಹುಳು ತಿನ್ನುತ್ತವೆ, ಆದ್ದರಿಂದ ಇದು ಕೀಟನಿಯಂತ್ರಣ ಎಂಬ ವಾದ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ತೊಗರಿ, ಕಡಲೆಯ ಕಾಯಿಕೊರಕಕ್ಕೆ ಹಕ್ಕಿ ಕೂರಲು ಹೊಲದಲ್ಲಿ ಕವೆಗೋಲು ನೆಡಿ ಎಂದು ಕೃಷಿ ವಿಜ್ಞಾನಿಗಳೇ ಹೇಳುತ್ತಾರೆ. ಆದರೆ ವರ್ಷಕ್ಕೊಂದು ದಿನ ಚೆಲ್ಲುವ ನಾಲ್ಕು ಹಿಡಿ ಅನ್ನ ಕಾಯಿಕೊರಕವನ್ನು ತಡೆಯುವಂತಿದ್ದರೆ 1997-98ರಲ್ಲಿ ಕಲಬುರಗಿ, ಬೀದರ್ ಕಡೆಯ ತೊಗರಿ ಹಾಗೆ ನಾಶವಾಗುತ್ತಿರಲಿಲ್ಲ. ಅಲ್ಲೂ ಚರಗ ಚೆಲ್ಲಿದ್ದರು. ಚರಗವನ್ನು ಔಷಧಿಯಾಗಿಸಿ ಸಮರ್ಥಿಸುವ ಅಗತ್ಯವಿಲ್ಲ. ಅದು ಪಾಲು. ಹಕ್ಕಿಗೊಂದು, ಇಲಿಗೊಂದು, ಇರುವೆಗೊಂದು, ಕಣ್ಣಿಗೆ ಕಾಣದ್ದಕ್ಕೊಂದು. ರಾಶಿಯ ದಿನ ಆಯಗಾರರಿಗೆ ಮೊರದಲ್ಲಿ ಅಳೆದು ಕೊಡುತ್ತಿದ್ದ ಪಾಲಿನಂತೆಯೇ ಇದೂ ಒಂದು.

ಪಾಲಿನ ಮಾತು ಬಂದಾಗ ಒಂದನ್ನು ಮುಚ್ಚಿಡಬಾರದು. ಹೊಲವಿಲ್ಲದವರಿಗೆ ಈ ಹಬ್ಬ ಇನ್ನೊಬ್ಬರ ಹೊಲದಲ್ಲಿ. ಕೂಲಿಯವರನ್ನು ಬುತ್ತಿಗೆ ಕರೆಯುವುದು ಪದ್ಧತಿ, ನಿಜ. ಆದರೆ ಕರೆದವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿದ ಇತಿಹಾಸ ಹಳ್ಳಿಗಳದಲ್ಲ. ಇನ್ನು ನಸುಕಿಗೆ ಮೊದಲೆದ್ದು ಒಲೆ ಹೊತ್ತಿಸುವ ಹೆಂಗಸಿನ ಹೆಸರು ಪಹಣಿಯಲ್ಲಿ ಇರುವುದು ಅಪರೂಪ. ಭೂಮಿಯನ್ನು ಹೆಣ್ಣೆಂದು ಪೂಜಿಸುವ ದಿನ ಈ ಎರಡು ಸಂಗತಿಗಳು ಮನಸ್ಸಿಗೆ ಬಂದೇ ಬರುತ್ತವೆ.

ಎಡೆದೊರೆಯ ರೈತನಿಗೆ ಆಶ್ವಯುಜ ಮಾಸ ಇನ್ನೊಂದು ಕಾರಣಕ್ಕೂ ಭಯದ ತಿಂಗಳಾಗಿತ್ತು. ಮಳೆ ನಿಂತು ಹಳ್ಳಗಳು ಇಳಿದ ಮೇಲೆ, ದಸರೆಯ ಸೀಮೋಲ್ಲಂಘನೆ ಮುಗಿಸಿ ಅರಸರು ದಂಡು ಹೊರಡಿಸುವುದು ಸಾಮಾನ್ಯವಾಗಿ ಈ ದಿನಗಳಲ್ಲೇ. (ಎಲ್ಲ ಯುದ್ಧವೂ ಹಾಗಲ್ಲ, 1520ರ ರಾಯಚೂರು ಕದನ ನಡೆದದ್ದು ಮೇ ತಿಂಗಳ ಬಿಸಿಲಲ್ಲಿ.) ಬಹಮನಿ ಮತ್ತು ವಿಜಯನಗರದ ನಡುವೆ ಈ ಸೀಮೆ ಎಷ್ಟು ಸಲ ಕೈ ಬದಲಾಯಿಸಿತೋ! 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳು ಕಾರಣವೆಂದು ಫರಿಶ್ತಾ ಬರೆದ ಕಥೆ ಪ್ರಸಿದ್ಧ. ಮೊದಲನೆಯ ದೇವರಾಯನ ಸವಾರರು ಆಕೆಗಾಗಿ ಬಂದರು, ಆಕೆ ಮನೆಯವರೊಂದಿಗೆ ಊರು ಬಿಟ್ಟಿದ್ದಳು, ಸಿಟ್ಟಿನಲ್ಲಿ ಸವಾರರು ಸುತ್ತಲ ಹಳ್ಳಿಗಳನ್ನು ದೋಚಿದರು ಎಂಬುದು ಆ ಕಥೆ. ಅದರಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು ಎಂದು ವಿದ್ವಾಂಸರು ಚರ್ಚಿಸಲಿ. ಹಳ್ಳಿಗಳು ಲೂಟಿಯಾಗುವುದು ಈ ಸೀಮೆಗೆ ಹೊಸದಾಗಿರಲಿಲ್ಲ ಎಂಬುದಂತೂ ಸ್ಪಷ್ಟ. ಬಿತ್ತಿದವನೇ ಕೊಯ್ಯುತ್ತಾನೆ ಎಂಬ ಭರವಸೆ ಇಲ್ಲದ ನೆಲದಲ್ಲಿ, ಕೊಯ್ಲಿಗೆ ಮೊದಲೇ ಹೊಲದಲ್ಲಿ ಕೂತು ಉಂಡುಬಿಡುವ ಹಬ್ಬಕ್ಕೆ ಬೇರೊಂದು ಅರ್ಥ ಹೊಳೆಯುತ್ತದೆ.

ಮುದಗಲ್ ಹೊರಗಿನವರಿಗೆ ಹೆಸರಾದದ್ದು ಕೋಟೆಯಿಂದ, ಅದಕ್ಕಿಂತ ಹೆಚ್ಚಾಗಿ ಮೊಹರಂನಿಂದ. ಹುಸೇನಿ ಆಲಂ ದರ್ಗಾದ ಅಲಾಯಿ ದೇವರುಗಳನ್ನು ನೋಡಲು ಜಾತಿ ಮತ ಎನ್ನದೆ ಸುತ್ತಲ ಜಿಲ್ಲೆಗಳ ಜನ ಸೇರುತ್ತಾರೆ. ಹಿಜರಿ ವರ್ಷ ಶುದ್ಧ ಚಾಂದ್ರಮಾನದ್ದು. ಅದಕ್ಕೆ ಅಧಿಕ ಮಾಸವಿಲ್ಲ. ಹೀಗಾಗಿ ಅಲಾಯಿ ಹಬ್ಬ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2016ರಲ್ಲಿ ಮೊಹರಂನ ಕಡೆಯ ದಿನ ಅಕ್ಟೋಬರ್ 12ಕ್ಕೆ ಬಂದರೆ ಮೂರು ದಿನ ಕಳೆದು ಶೀಗಿ ಹುಣ್ಣಿಮೆ. 2017ರಲ್ಲಿ ಅಕ್ಟೋಬರ್ 1 ಮತ್ತು 5. ಅಂಥ ವರ್ಷಗಳಲ್ಲಿ ಬೆಲ್ಲ ಹಚ್ಚಿದ ಚೊಂಗೆಯೂ ಹೂರಣದ ಕಡುಬೂ ಒಂದೇ ವಾರ ಒಂದೇ ಓಣಿಯಲ್ಲಿ ತಯಾರಾಗುತ್ತವೆ, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತವೆ.

ಇದೇ ಹುಣ್ಣಿಮೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳ ಚಿತ್ತಾರ ಬರೆದು ಭೂಮಣ್ಣಿ ಬುಟ್ಟಿ ಸಿದ್ಧಪಡಿಸುತ್ತಾರೆ. ರಾತ್ರಿಯಿಡೀ ಅಡುಗೆ ನಡೆದು ಬೆಳಗಿನ ಜಾವ ಗದ್ದೆಗೆ ಹೋಗುತ್ತಾರೆ. ಕೆಲವೆಡೆ ಒಂದು ಕಡುಬನ್ನು ಗದ್ದೆಯಲ್ಲಿ ಹೂತಿಟ್ಟು ಕೊಯ್ಲಿನ ಹೊತ್ತಿಗೆ ತೆಗೆಯುವ ಪದ್ಧತಿಯೂ ಉಂಟು. ಅಲ್ಲಿ ಭತ್ತ ಹೊಡೆ ತುಂಬಿ ನಿಂತ ಕಾಲ. ಬಯಕೆ ಒಂದೇ, ಬಸಿರು ಬೇರೆ.

ಮುದಗಲ್ ಸೀಮೆಯ ಬಸಿರೂ ಈಗ ಬದಲಾಗಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ನಾಡಾಗಿಸಿತು. ಜೋಳ ತಿನ್ನುತ್ತಿದ್ದ ಊರುಗಳ ಊಟವೂ ಬದಲಾಯಿತು. ನಾರಾಯಣಪುರದ ಬಲದಂಡೆ ಕಾಲುವೆ ಲಿಂಗಸುಗೂರು ತಾಲ್ಲೂಕಿಗೆ ನೀರು ತಂದಿತು. ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆ, ಜೋಳದ ಜಾಗಕ್ಕೆ ಹತ್ತಿ ಬಂತು. 2002ರ ನಂತರ ಬಿಟಿ ಹತ್ತಿ. ಶೀಗಿ ಹುಣ್ಣಿಮೆಯ ಹೊತ್ತಿಗೆ ಹತ್ತಿಯ ಕಾಯಿ ಬಿರಿಯತೊಡಗಿರುತ್ತದೆ. ಪಾಂಡವರ ಕಲ್ಲುಗಳನ್ನು ಅದರ ನಡುವೆಯೂ ಇಡುತ್ತಾರೆ. ತಿನ್ನಲು ಬಾರದ ಬೆಳೆಗೆ ತಿನ್ನುವ ಬುತ್ತಿ. ಬುತ್ತಿಯ ಸಜ್ಜೆ ಮಾತ್ರ ಸಂತೆಯಿಂದ ಬಂದದ್ದು. ಕಾಲುವೆಯನ್ನೇ ನಂಬಿದವರಿಗೂ ನೆಮ್ಮದಿ ಕಾಯಂ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಸಿಂಧನೂರಿನ ಗದ್ದೆಗಳ ಎದೆಯೂ ಡವಗುಟ್ಟಿತು.

ಬಂಡಿಗಳು ಕಡಿಮೆಯಾಗಿ ಟ್ರ್ಯಾಕ್ಟರ್, ಟಂಟಂಗಳು ಬಂದಿವೆ. ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವ ಕೆಲಸ ತಪ್ಪಿದ ಮಕ್ಕಳು ಟ್ರ್ಯಾಕ್ಟರಿನ ಮೂತಿಗೆ ಹಾರ ಕಟ್ಟುತ್ತಾರೆ. ಅಂದು ಶಾಲೆಗೆ ಬಿಡುವಿರುತ್ತದೆ. ಶೀಗಿ ಹುಣ್ಣಿಮೆಗಾಗಿ ಅಲ್ಲ, ಅದೇ ದಿನ ಬರುವ ಮಹರ್ಷಿ ವಾಲ್ಮೀಕಿ ಜಯಂತಿಗಾಗಿ. ಹಾಗಾಗಿ ಊರಿನಲ್ಲಿ ಬೆಳಿಗ್ಗೆ ವಾಲ್ಮೀಕಿಯ ಮೆರವಣಿಗೆ ಮುಗಿಸಿಕೊಂಡು ಮಧ್ಯಾಹ್ನ ಹೊಲ ಸೇರುವವರೂ ಇದ್ದಾರೆ. ದೀಪಾವಳಿ ಕಳೆದರೆ ಹಲವು ಮನೆಗಳಿಗೆ ಬೀಗ. ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಗುಳೆ. ಕುಟುಂಬವೆಲ್ಲ ಒಟ್ಟಿಗೆ ಹೊಲದಲ್ಲಿ ಕೂತು ಉಣ್ಣುವುದು ಅಂಥವರಿಗೆ ವರ್ಷದಲ್ಲಿ ಇದೇ ಕಡೆಯ ಸಲ ಆಗಿರಬಹುದು. ಗಡಿಬಿಡಿಯಲ್ಲಿ ಬಡಿದಿಟ್ಟ ಸಜ್ಜಿ ರೊಟ್ಟಿಗಳಲ್ಲಿ ಮಿಕ್ಕಿದ್ದನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕುವುದೂ ಆ ಪಯಣಕ್ಕಾಗಿಯೇ.

ಹೊಲದಲ್ಲಿ ಉಳಿದವರಿಗೆ ಇನ್ನೊಂದು ಸರದಿ ಇದೆ. ಶೀಗಿ ಹುಣ್ಣಿಮೆಯ ಚರಗ ಮುಂಗಾರಿಗೆ. ಅಂದು ಗೇಣುದ್ದವೂ ಇಲ್ಲದ ಹಿಂಗಾರಿ ಜೋಳಕ್ಕೆ ಬಯಕೆ ಬರುವುದು ಎರಡೂವರೆ ತಿಂಗಳ ನಂತರ, ಮಾರ್ಗಶಿರದ ಎಳ್ಳ ಅಮಾವಾಸ್ಯೆಗೆ. ಆಗ ಚಂದ್ರನೇ ಇರುವುದಿಲ್ಲ. ಅವೇ ಐದು ಕಲ್ಲುಗಳಿಗೆ ಮತ್ತೆ ಸುಣ್ಣ, ಅದೇ ಹೆಡಿಗೆ, ಅದೇ ಕೂಗು. ಕಡುಬಿನ ಜೊತೆಗೆ ಈ ಸಲ ಹಸಿ ಕಡಲೆಯ ಗಿಡ.